ಲಿನಕ್ಸ್‌ಗೆ ವೈರಸ್ ಬರುವುದೇ ಇಲ್ಲವೇ? ಹಾಗಾದರೆ ಆಂಟಿವೈರಸ್ ಬೇಕೋ ಬೇಡವೋ?

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ ಕೊನೆಗೊಂಡಿತು. ವಿಂಡೋಸ್ 11 ಓಡದಂಥ ಹಳೆಯ ಲ್ಯಾಪ್‌ಟಾಪ್ ಇರುವವರಿಗೆ ಈಗ ಸ್ನೇಹಿತರಿಂದ ಸಿಗುವ ಸಲಹೆ ಒಂದೇ: "ಲಿನಕ್ಸ್ ಹಾಕಿಸಿ. ಪೂರ್ತಿ ಉಚಿತ. ಅದಕ್ಕೆ ವೈರಸ್ ಬರುವುದೇ ಇಲ್ಲ, ಆಂಟಿವೈರಸ್‌ಗೆ ದುಡ್ಡು ಕೊಡುವ ಗೋಜೂ ಇಲ್ಲ."

ಸಲಹೆಯ ಮೊದಲ ಭಾಗ ಸರಿ. ಎರಡನೆಯ ಭಾಗ ಅರ್ಧ ಸತ್ಯ. ಆ ಉಳಿದರ್ಧ ಗೊತ್ತಿಲ್ಲದಿದ್ದರೆ ಹಣ ಕಳೆದುಕೊಳ್ಳುವ ಸಾಧ್ಯತೆ ಇದೆ. "ನನ್ನ ಹತ್ತಿರ ಲಿನಕ್ಸ್ ಇಲ್ಲ, ಇದು ನನಗಲ್ಲ" ಎಂದುಕೊಳ್ಳಬೇಡಿ. ನಿಮ್ಮ ಕೈಯಲ್ಲಿರುವುದು ಆಂಡ್ರಾಯ್ಡ್ ಫೋನ್ ಆಗಿದ್ದರೆ ನೀವೂ ಲಿನಕ್ಸ್ ಬಳಕೆದಾರರೇ.

ಚಿಕ್ಕ ಉತ್ತರ

ಮನೆಯ ಕಂಪ್ಯೂಟರಿನಲ್ಲಿ ಲಿನಕ್ಸ್ ಬಳಸುವ ಹೆಚ್ಚಿನವರಿಗೆ ಪ್ರತ್ಯೇಕ ಆಂಟಿವೈರಸ್ ಅಗತ್ಯವಿಲ್ಲ. ಆದರೆ ಅದಕ್ಕೆ ಕಾರಣ ಲಿನಕ್ಸ್‌ಗೆ ವೈರಸ್ ಬರುವುದಿಲ್ಲ ಎಂಬುದಲ್ಲ. ಲಿನಕ್ಸ್ ಮೇಲೆ ಇಂದು ನಡೆಯುವ ದಾಳಿಗಳಲ್ಲಿ ಹೆಚ್ಚಿನವನ್ನು ತಡೆಯುವುದು ಆಂಟಿವೈರಸ್‌ಗಿಂತ ಬೇರೆ ಅಭ್ಯಾಸಗಳು.

ಈ ನಂಬಿಕೆ ಬಂದದ್ದು ಎಲ್ಲಿಂದ?

ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಬರೆದು ಹಂಚಿದ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು, ಇಂದಿನ ಲಿನಕ್ಸ್‌ಗೆ ಮೂಲ. ಉಬುಂಟು, ಫೆಡೋರಾ, ಮಿಂಟ್ ಮುಂತಾದವು ಅದರ ಮೇಲೆ ಕಟ್ಟಿದ ಬೇರೆ ಬೇರೆ ಆವೃತ್ತಿಗಳು. ಇವು ಸುರಕ್ಷಿತ ಎನ್ನಲು ಮೂರು ಗಟ್ಟಿ ಕಾರಣಗಳಿವೆ.

ಒಂದು, ಅನುಮತಿಯ ಪದ್ಧತಿ. ಸಾಮಾನ್ಯ ಬಳಕೆದಾರರು ತಮ್ಮ ಕಡತಗಳನ್ನು ಮಾತ್ರ ಬದಲಿಸಬಹುದು. ಸಿಸ್ಟಮ್‌ನ ಭಾಗಗಳನ್ನು ಮುಟ್ಟಬೇಕಾದರೆ ಪಾಸ್‌ವರ್ಡ್ ಕೊಡಬೇಕು. ಅಂತರ್ಜಾಲದಿಂದ ಇಳಿಸಿಕೊಂಡ ಕಡತ ಸಾಮಾನ್ಯವಾಗಿ ತಾನಾಗಿಯೇ ಓಡುವುದಿಲ್ಲ. "ಇದನ್ನು ಓಡಿಸಬಹುದು" ಎಂದು ನೀವು ಗುರುತು ಹಾಕಬೇಕು.

ಎರಡು, ತಂತ್ರಾಂಶ ಸಿಗುವ ಜಾಗ. ಲಿನಕ್ಸ್‌ನಲ್ಲಿ ಬೇಕಾದ ತಂತ್ರಾಂಶಗಳಲ್ಲಿ ಹೆಚ್ಚಿನವು ಅದರದೇ ಅಧಿಕೃತ ಭಂಡಾರದಿಂದ, ಡಿಜಿಟಲ್ ಸಹಿಯ ಪರಿಶೀಲನೆಯೊಂದಿಗೆ ಬರುತ್ತವೆ. ಗೂಗಲ್‌ನಲ್ಲಿ ಹುಡುಕಿ, ಕಂಡ ಕಂಡ ತಾಣದಿಂದ ಇಳಿಸಿಕೊಳ್ಳುವ ಪ್ರಮೇಯ ಕಡಿಮೆ.

ಮೂರು, ಕಳ್ಳರ ಲೆಕ್ಕಾಚಾರ. ಮೇಜಿನ ಮೇಲಿನ ಕಂಪ್ಯೂಟರುಗಳಲ್ಲಿ ಲಿನಕ್ಸ್ ಇರುವವು ನೂರಕ್ಕೆ ಕೆಲವೇ ಕೆಲವು. ಜನ ಹೆಚ್ಚಿರುವ ಸಂತೆಗೇ ಜೇಬುಗಳ್ಳರು ಹೋಗುವುದು.

ಆದರೆ "ಬರುವುದೇ ಇಲ್ಲ" ಎಂಬುದು ಸುಳ್ಳು

ಲಿನಕ್ಸ್‌ಗೆಂದೇ ಬರೆದ ವೈರಸ್ 'ಸ್ಟಾವೋಗ್' 1996ರಲ್ಲೇ ಕಾಣಿಸಿಕೊಂಡಿತ್ತು. ಮರುವರ್ಷ 'ಬ್ಲಿಸ್' ಬಂತು. ಅವು ದೊಡ್ಡ ಹಾನಿ ಮಾಡಲಿಲ್ಲ. ಮುಂದೆ ಲಿನಕ್ಸ್ ಸರ್ವರ್, ರೂಟರ್, ಕ್ಯಾಮೆರಾಗಳೊಳಗೆ ಸೇರಿಕೊಂಡಂತೆ ಕಳ್ಳರ ಲೆಕ್ಕಾಚಾರವೂ ಬದಲಾಯಿತು.

2016ರ 'ಮಿರಾಯ್' ಇದಕ್ಕೆ ದೊಡ್ಡ ಉದಾಹರಣೆ. ಮನೆ, ಅಂಗಡಿಗಳಲ್ಲಿ ಹಾಕಿಸಿಕೊಳ್ಳುವ ಸಿಸಿಟಿವಿ ಕ್ಯಾಮೆರಾ, ವೈಫೈ ರೂಟರ್‌ಗಳಲ್ಲಿ ಬಹಳಷ್ಟು ಓಡುವುದು ಲಿನಕ್ಸ್ ಮೇಲೆಯೇ. ಮಿರಾಯ್ ಯಾವ ಮಹಾ ವಿದ್ಯೆಯನ್ನೂ ಬಳಸಲಿಲ್ಲ. ಕಂಪನಿಗಳು ಮೊದಲೇ ಇಟ್ಟುಕೊಟ್ಟಿದ್ದ, ಯಾರೂ ಬದಲಿಸದ 'ಅಡ್ಮಿನ್', '12345'ರಂಥ ಸುಮಾರು 60 ಹೆಸರು-ಪಾಸ್‌ವರ್ಡ್ ಜೋಡಿಗಳನ್ನು ಒಂದೊಂದಾಗಿ ಪ್ರಯತ್ನಿಸಿ ಒಳಹೊಕ್ಕಿತು. ಆ ವರ್ಷದ ಅಕ್ಟೋಬರ್ 21ರಂದು ಇಂಥ ಸಾವಿರಾರು ಸಾಧನಗಳು ಒಟ್ಟಿಗೆ 'ಡಿನ್' ಎಂಬ ಕಂಪನಿಯ ಮೇಲೆ ಮುಗಿಬಿದ್ದಾಗ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಹಲವರಿಗೆ ತೆರೆಯಲೇ ಇಲ್ಲ.

ಅದೇ ವರ್ಷದ ಫೆಬ್ರವರಿಯಲ್ಲಿ ಲಿನಕ್ಸ್ ಮಿಂಟ್‌ನ ಅಧಿಕೃತ ತಾಣಕ್ಕೇ ಕನ್ನ ಹಾಕಿದವರು, ಹಿಂಬಾಗಿಲು ಇಟ್ಟಿದ್ದ ನಕಲಿ ಪ್ರತಿಯತ್ತ ಡೌನ್‌ಲೋಡ್ ಕೊಂಡಿಯನ್ನು ತಿರುಗಿಸಿದ್ದರು. 2024ರ ಮಾರ್ಚ್‌ನಲ್ಲಿ ಬಯಲಾದ 'ಎಕ್ಸ್‌ಝೆಡ್' ಪ್ರಕರಣ ಇನ್ನೂ ಆತಂಕದ್ದು. ವರ್ಷಗಟ್ಟಲೆ ಸಹಾಯ ಮಾಡುತ್ತ ವಿಶ್ವಾಸ ಗಳಿಸಿದ್ದ ವ್ಯಕ್ತಿಯ ಹೆಸರಿನಲ್ಲೇ, ಅನೇಕ ಲಿನಕ್ಸ್ ಆವೃತ್ತಿಗಳು ಬಳಸುವ ತಂತ್ರಾಂಶದೊಳಗೆ ಹಿಂಬಾಗಿಲು ಸೇರಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಅದನ್ನು ಪತ್ತೆಹಚ್ಚಿದ್ದು ಆಂಟಿವೈರಸ್ ಅಲ್ಲ, ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್. ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿರುವುದೇಕೆ ಎಂದು ಅವರು ಕೆದಕಿದ್ದರಿಂದ, ಹೆಚ್ಚಿನ ಬಳಕೆದಾರರನ್ನು ತಲುಪುವ ಮೊದಲೇ ಅದು ಸಿಕ್ಕಿಬಿತ್ತು.

ಭಾರತದಲ್ಲೂ ನಡೆದಿದೆ

ನಮ್ಮ ಸರ್ಕಾರಿ ಕಚೇರಿಗಳಿಗೆಂದು ಸಿ-ಡ್ಯಾಕ್ ಸಂಸ್ಥೆ 'ಬಾಸ್' ಎಂಬ ಲಿನಕ್ಸ್ ಆವೃತ್ತಿಯನ್ನು ರೂಪಿಸಿದೆ. ಅದನ್ನು ಬಳಸುವವರನ್ನು ಗುರಿಯಾಗಿಸಿದ ದಾಳಿಗಳನ್ನು ಭದ್ರತಾ ಸಂಶೋಧಕರು ವರದಿ ಮಾಡಿದ್ದಾರೆ. 2023ರಲ್ಲಿ ಸರ್ಕಾರಿ ಸಿಬ್ಬಂದಿ ಬಳಸುತ್ತಿದ್ದ 'ಕವಚ್' ಆ್ಯಪ್‌ನ ನಕಲಿಯನ್ನು ಮುಂದಿಟ್ಟು ಲಿನಕ್ಸ್‌ನಲ್ಲಿ ಕುತಂತ್ರಾಂಶ ಸೇರಿಸುವ ಪ್ರಯತ್ನ ನಡೆದಿತ್ತು. 2025ರ ವರದಿಗಳಲ್ಲಿ ಕಂಡ ವಿಧಾನ ಇನ್ನೂ ಸರಳ: ಇಮೇಲ್‌ನಲ್ಲಿ ಪಿಡಿಎಫ್‌ನಂತೆಯೇ ಕಾಣುವ ಕಡತ ಬರುತ್ತದೆ. ಅದು ನಿಜಕ್ಕೂ ಆಜ್ಞೆಗಳನ್ನು ಓಡಿಸುವ ಶಾರ್ಟ್‌ಕಟ್. ತೆರೆದರೆ ಪರದೆಯ ಮೇಲೆ ನಿಜವಾದ ಪಿಡಿಎಫ್ ಒಂದು ಕಾಣುತ್ತದೆ, ಹಿಂದೆ ಕುತಂತ್ರಾಂಶ ಇಳಿಯುತ್ತದೆ.

ಮಿರಾಯ್ ಬಳಸಿದ್ದು ಬದಲಿಸದ ಪಾಸ್‌ವರ್ಡ್. ಇಲ್ಲಿ ಬಳಕೆಯಾದದ್ದು ಮನುಷ್ಯರ ನಂಬಿಕೆ. ಎರಡರಲ್ಲೂ ಬೀಗ ಮುರಿಯುವ ಅಗತ್ಯವೇ ಬರಲಿಲ್ಲ, ಕೀಲಿ ಮೊದಲೇ ಕಳ್ಳರ ಕೈಯಲ್ಲಿತ್ತು.

ನಿಮ್ಮ ಫೋನಿನ ಕಥೆಯೂ ಇದೇ

ಆಂಡ್ರಾಯ್ಡ್ ಓಡುವುದು ಲಿನಕ್ಸ್ ಕರ್ನಲ್ ಮೇಲೆ. ಅದು ಪ್ರತಿ ಆ್ಯಪ್‌ಗೂ ಬೇರೆಯದೇ ಕೋಣೆ ಕೊಟ್ಟು, ಒಂದು ಇನ್ನೊಂದರ ಮಾಹಿತಿಗೆ ಕೈಹಾಕದಂತೆ ತಡೆಯುತ್ತದೆ. ಗೂಗಲ್‌ನ ಸೇವೆಗಳಿರುವ ಫೋನ್‌ಗಳಲ್ಲಿ ಪ್ಲೇ ಪ್ರೊಟೆಕ್ಟ್ ಎಂಬ ತಪಾಸಣೆಯೂ ಇರುತ್ತದೆ.

ಹೀಗಿದ್ದೂ ವಾಟ್ಸಾಪ್‌ನಲ್ಲಿ ಮದುವೆ ಕರೆಯೋಲೆ, ಟ್ರಾಫಿಕ್ ದಂಡ, ಬ್ಯಾಂಕ್ ಕೆವೈಸಿ, ಸರ್ಕಾರಿ ಯೋಜನೆಯ ಹೆಸರಿನಲ್ಲಿ ಬರುವ 'ಎಪಿಕೆ' ಕಡತ ಒತ್ತಿ ಜನ ಹಣ ಕಳೆದುಕೊಳ್ಳುತ್ತಿದ್ದಾರೆ. ಅದು ಕರೆಯೋಲೆಯ ಚಿತ್ರವಲ್ಲ, ಒಂದು ಆ್ಯಪ್. ಇನ್‌ಸ್ಟಾಲ್ ಮಾಡುವಾಗ ಫೋನ್ ಎಚ್ಚರಿಸುತ್ತದೆ, ನಾವು 'ಅನುಮತಿಸು' ಒತ್ತುತ್ತೇವೆ. ಎಸ್‌ಎಂಎಸ್ ಓದಲು ಅನುಮತಿ ಕೇಳುತ್ತದೆ, ಅದಕ್ಕೂ ಒಪ್ಪುತ್ತೇವೆ. ಅಲ್ಲಿಗೆ ಬ್ಯಾಂಕಿನ ಒಟಿಪಿ ವಂಚಕರ ಕೈ ಸೇರುತ್ತದೆ. ಕೋಣೆಯ ಗೋಡೆ ಎಷ್ಟೇ ಗಟ್ಟಿಯಿದ್ದರೂ ನಾವೇ ಬಾಗಿಲು ತೆಗೆದರೆ ಏನು ಪ್ರಯೋಜನ?

ಇನ್ನು, ಬ್ಯಾಂಕಿನದ್ದೇ ಎಂಬಂತೆ ಕಾಣುವ ನಕಲಿ ತಾಣದಲ್ಲಿ ನೀವಾಗಿಯೇ ಪಾಸ್‌ವರ್ಡ್ ಟೈಪ್ ಮಾಡಿದರೆ, ನಿಮ್ಮದು ವಿಂಡೋಸೋ ಲಿನಕ್ಸೋ ಐಫೋನೋ ಎಂಬುದರಿಂದ ಏನೂ ವ್ಯತ್ಯಾಸವಾಗದು.

ಹಾಗಾದರೆ ಆಂಟಿವೈರಸ್ ಯಾರಿಗೆ?

ಆಂಟಿವೈರಸ್ ಮುಖ್ಯವಾಗಿ ಈಗಾಗಲೇ ಗೊತ್ತಿರುವ ಕುತಂತ್ರಾಂಶದ ಚಹರೆಯನ್ನೂ ಅನುಮಾನಾಸ್ಪದ ನಡವಳಿಕೆಯನ್ನೂ ಗುರುತಿಸುತ್ತದೆ. 'ಕ್ಲ್ಯಾಮ್‌ಎವಿ' ಎಂಬ ಉಚಿತ ಆಂಟಿವೈರಸ್ ಲಿನಕ್ಸ್‌ನಲ್ಲಿ ಸಿಗುತ್ತದೆ. ಅದರ ಹೆಚ್ಚಿನ ಬಳಕೆ ಇಮೇಲ್ ಸರ್ವರ್‌ಗಳಲ್ಲಿ. ಅಲ್ಲಿ ಅದು ಹಿಡಿಯುವುದು ಬಹುಪಾಲು ವಿಂಡೋಸ್ ವೈರಸ್‌ಗಳನ್ನು. ಲಿನಕ್ಸ್ ಯಂತ್ರಕ್ಕೆ ಏನೂ ಆಗದಿದ್ದರೂ, ಅದರ ಮೂಲಕ ಹಾದುಹೋಗುವ ಕಡತ ಇನ್ನೊಬ್ಬರ ವಿಂಡೋಸ್ ಯಂತ್ರವನ್ನು ಕೆಡಿಸಬಹುದಲ್ಲ.

ಹಾಗಾಗಿ ಸರ್ವರ್ ನಡೆಸುವವರು, ಕಚೇರಿಯಲ್ಲಿ ಹಲವರೊಂದಿಗೆ ಕಡತ ಹಂಚಿಕೊಳ್ಳುವವರು, ಊರಿನ ಎಲ್ಲರ ಪೆನ್‌ಡ್ರೈವ್ ಹಾಕಿಸಿಕೊಳ್ಳುವ ಜೆರಾಕ್ಸ್ ಅಂಗಡಿಯವರು ಲಿನಕ್ಸ್ ಬಳಸುತ್ತಿದ್ದರೂ ಇಂಥದ್ದೊಂದನ್ನು ಇಟ್ಟುಕೊಳ್ಳುವುದು ಒಳ್ಳೆಯದು. ಮನೆಯಲ್ಲಿ ಓದಲು, ಬರೆಯಲು, ಸಿನಿಮಾ ನೋಡಲು ಬಳಸುವವರಿಗೆ ಅದರಿಂದ ಸಿಗುವ ಹೆಚ್ಚುವರಿ ರಕ್ಷಣೆ ಕಡಿಮೆ.

ನಿಜಕ್ಕೂ ಮಾಡಬೇಕಾದದ್ದು

1. ಅಪ್‌ಡೇಟ್ ಬಂದಾಗ ಮುಂದೂಡಬೇಡಿ. ಲಿನಕ್ಸ್‌ನ 'ಪಿಕೆಎಕ್ಸೆಕ್' ಎಂಬ ಉಪಕರಣದಲ್ಲಿ 2009ರಿಂದ ಇದ್ದ ದೋಷವೊಂದು ಬೆಳಕಿಗೆ ಬಂದದ್ದು 2022ರಲ್ಲಿ. ಸಾಮಾನ್ಯ ಬಳಕೆದಾರರಿಗೆ ಇಡೀ ಸಿಸ್ಟಮ್‌ನ ಹಿಡಿತ ಸಿಗುವಂಥ ದೋಷ ಅದು. ಅದನ್ನು ಮುಚ್ಚಿದ್ದು ಅಪ್‌ಡೇಟ್.

2. ತಂತ್ರಾಂಶವನ್ನು ಅಧಿಕೃತ ಭಂಡಾರದಿಂದ ಅಥವಾ ಪ್ಲೇ ಸ್ಟೋರ್‌ನಿಂದ ಮಾತ್ರ ಪಡೆಯಿರಿ. ಫಾರ್ವರ್ಡ್ ಆಗಿ ಬಂದ ಎಪಿಕೆ, ಅದು 'ಆಂಟಿವೈರಸ್' ಎಂದೇ ಹೇಳಿಕೊಂಡರೂ, ಒತ್ತಬೇಡಿ.

3. ಎಲ್ಲೋ ಕಂಡ ಆಜ್ಞೆಯನ್ನು ಅರ್ಥವಾಗದೆ ಟರ್ಮಿನಲ್‌ನಲ್ಲಿ ಅಂಟಿಸಿ ಪಾಸ್‌ವರ್ಡ್ ಕೊಡಬೇಡಿ.

4. ರೂಟರ್, ಕ್ಯಾಮೆರಾಗಳ ಜೊತೆ ಬಂದ ಪಾಸ್‌ವರ್ಡನ್ನು ಇಂದೇ ಬದಲಿಸಿ.

5. ಮುಖ್ಯ ಕಡತಗಳ ಇನ್ನೊಂದು ಪ್ರತಿಯನ್ನು ಬೇರೆ ಕಡೆ ಇಡಿ. ಅನುಮತಿಯ ಪದ್ಧತಿ ಸಿಸ್ಟಮ್ ಅನ್ನು ಕಾಯುತ್ತದೆ. ಆದರೆ ನಿಮ್ಮ ಫೋಟೊ, ದಾಖಲೆಗಳು ನಿಮ್ಮ ಹೆಸರಿನಲ್ಲೇ ಇರುವುದರಿಂದ, ನೀವು ಓಡಿಸಿದ ಕುತಂತ್ರಾಂಶವೂ ಅವನ್ನು ಅಳಿಸಬಲ್ಲದು.

ಈಗಾಗಲೇ ಅಂಥ ಎಪಿಕೆ ಹಾಕಿಕೊಂಡಿದ್ದರೆ ಕೂಡಲೇ ಫೋನಿನ ಇಂಟರ್ನೆಟ್ ಆರಿಸಿ. ಇನ್ನೊಂದು ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ತಿಳಿಸಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಒಟ್ಟಿನಲ್ಲಿ

"ಲಿನಕ್ಸ್‌ಗೆ ವೈರಸ್ ಬರುವುದಿಲ್ಲ" ಎಂಬುದು ತಪ್ಪು. "ಮನೆಯ ಲಿನಕ್ಸ್ ಬಳಕೆದಾರರಲ್ಲಿ ಹೆಚ್ಚಿನವರಿಗೆ ಆಂಟಿವೈರಸ್ ಅನಿವಾರ್ಯವಲ್ಲ" ಎಂಬುದು ಸರಿ. ಇನ್ನು ಮುಂದೆ ಯಾರಾದರೂ ಮೊದಲಿನದನ್ನು ಫಾರ್ವರ್ಡ್ ಮಾಡಿದರೆ, ಮೇಲಿನ ಐದು ಅಂಶಗಳನ್ನು ಅವರಿಗೆ ಕಳುಹಿಸಿ.