ಕುಂಟೆಯ ಕುಡ

ಬಸವಕಲ್ಯಾಣವೆಂದೊಡನೆ ವಾಚಕರ ಕಣ್ಣ ಮುಂದೆ ನಿಲ್ಲುವುದು ಚಾಲುಕ್ಯರ ರಾಜಧಾನಿ, ಆರನೆಯ ವಿಕ್ರಮಾದಿತ್ಯನ ವೈಭವ, 12ನೆಯ ಶತಮಾನದ ಶರಣರ ಸಮೂಹ. ಹುಮನಾಬಾದೆಂದರೆ ವೀರಭದ್ರೇಶ್ವರನ ಜಾತ್ರೆ, ಸಮೀಪದ ಮಾಣಿಕನಗರ. ಈ ಎರಡು ಊರುಗಳ ಸುತ್ತಣ ಹೊಲಗಳಲ್ಲಿ ಯಾವ ಶಾಸನವೂ ಹೆಸರಿಸದ, ಯಾವ ಪ್ರವಾಸಿಯೂ ನೋಡಬಯಸದ ಒಂದು ವಸ್ತುವುಂಟು. ಎರಡು ಮೂರು ಅಡಿ ಉದ್ದದ ಕಬ್ಬಿಣದ ಅಲಗು ಅದು. ದುಡಿಯುವಾಗ ನೆಲದೊಳಗೆ, ದುಡಿಮೆ ಮುಗಿದ ಮೇಲೆ ಕೊಟ್ಟಿಗೆಯ ಮೂಲೆಯಲ್ಲಿ. ಅದೇ ಕುಂಟೆಯ ಕುಡ. ಒಂದು ವರ್ಷದ ಬೆಳೆಯ ಅದೃಷ್ಟದಲ್ಲಿ ಅದರ ಪಾಲು ಚಿಕ್ಕದಲ್ಲ.

ನೇಗಿಲು ನೆಲವನ್ನು ಸೀಳುವುದು. ಕುಂಟೆ ನೆಲದ ಕೆಳಗೆ ಹರಿಯುವುದು. ಮರದ ದಿಂಡಿಗೆ ಎರಡು ತಾಳುಗಳು, ತಾಳುಗಳ ತುದಿಯಲ್ಲಿ ಅಡ್ಡಲಾಗಿ ಕುಡ, ಕುಡವನ್ನು ತಾಳಿಗೆ ಬಿಗಿಹಿಡಿಯುವ ಬಳೆ: ಇಷ್ಟೇ ಅದರ ರಚನೆ. ಮರವೆಲ್ಲ ಬಡಗಿಯ ಪಾಲು, ಕಬ್ಬಿಣ ಕಮ್ಮಾರನ ಪಾಲು. ಎತ್ತುಗಳು ಎಳೆದಂತೆ ಕುಡವು ಎರಡು ಮೂರು ಅಂಗುಲ ಆಳದಲ್ಲಿ ಸಾಗುತ್ತ ಕಳೆಯ ಬೇರನ್ನು ಕೊಯ್ಯುವುದು, ಮೇಲ್ಮಣ್ಣನ್ನು ಸಡಿಲಿಸುವುದು. ಎರೆಯ ನೆಲ ಒಣಗಿ ಬಿರುಕು ಬಿಟ್ಟಾಗ ಆ ಬಿರುಕುಗಳನ್ನು ಮುಚ್ಚಿ ಒಳಗಿನ ತೇವವನ್ನು ಕಾಯುವುದೂ ಇದೇ. ಹಿಂಗಾರಿನ ಜೋಳಕ್ಕೆ, ಕಡಲೆಗೆ ಆ ತೇವವೇ ಜೀವ. ಸಾಲುಗಳ ನಡುವೆ ಆಡುವ ಎಡೆಕುಂಟೆಗೆ ಕುಡ ಚಿಕ್ಕದು. ಒಂದಡಿ ಅಂತರದ ಸಾಲಿಗೆ ಒಂದು ಗೇಣಿನ ಕುಡ ಸಾಕು.

ಕುಡ ಮೊಂಡಾದರೆ ಆಗುವ ಹಾನಿ ಕೂಡಲೆ ಕಣ್ಣಿಗೆ ಬೀಳದು. ಕುಂಟೆ ನಡೆಯುತ್ತಲೇ ಇರುವುದು, ಮಣ್ಣೂ ಕದಡಿದಂತೆ ತೋರುವುದು. ಆದರೆ ಕರಿಕೆಯ ಬೇರು ಕೊಯ್ದುಹೋಗದೆ ಅಲಗಿನ ಅಡಿ ನುಸುಳಿ ಉಳಿಯುವುದು. ಎರಡು ಹನಿ ಬಿದ್ದರೆ ಮರಳಿ ಚಿಗುರುವುದು. ಸೋಯಾ, ಉದ್ದು, ಹೆಸರು, ತೊಗರಿ ಇವು ಬೀದರ ಜಿಲ್ಲೆಯ ಮುಂಗಾರಿನ ಬೆಳೆಗಳು. ಸೋಯಾ ಬಿತ್ತಿದ ಮೊದಲ 30–45 ದಿನಗಳಲ್ಲಿ ಕಳೆಯನ್ನು ಹತ್ತಿಕ್ಕದಿದ್ದರೆ ಮುಂದೆ ಎಷ್ಟು ಹೆಣಗಿದರೂ ನಷ್ಟ ತುಂಬಿಬರುವುದಿಲ್ಲ. ಆ ದಿನಗಳಲ್ಲಾದರೋ ಮಳೆಯೂ ಅದೇ ಕಾಲದ್ದು. ಹಸಿ ಎರೆಗೆ ಎತ್ತು ಇಳಿಸುವಂತಿಲ್ಲ, ಮಣ್ಣು ಕುಡಕ್ಕೆ ಮೆತ್ತಿಕೊಳ್ಳುವುದು. ಮಳೆ ಬಿಡುವು ಕೊಟ್ಟು, ನೆಲ ಆರಿ, ಮತ್ತೆ ಮೋಡ ಕವಿಯುವ ಮುನ್ನ ರೈತನಿಗೆ ದೊರಕುವುದು ಮೂರೋ ನಾಲ್ಕೋ ದಿನ. ಆ ಹೊತ್ತಿಗೆ ಕುಡ ಕಮ್ಮಾರನ ಸಾಲಿನಲ್ಲಿ ಸರದಿ ಕಾಯುತ್ತಿದ್ದರೆ ಕಳೆ ಯಾರಿಗಾಗಿಯೂ ಕಾಯದು.

ಹೊಸ ಕುಡವನ್ನು ಆರಿಸುವಾಗ ಉದ್ದ ಅಗಲಗಳಿಗಿಂತ ಮೊದಲು ನೋಡಬೇಕಾದುದು ಲೋಹವನ್ನು. ಅಂಗಡಿಯಲ್ಲಿ ಸಿಗುವ ಮೆದು ಕಬ್ಬಿಣದ ಪಟ್ಟಿ ಬಣ್ಣ ಬಳಿದುಕೊಂಡು ಚೆಂದವಾಗಿ ಕಾಣುವುದು. ಅದರಲ್ಲಿ ಇಂಗಾಲದ ಅಂಶ ಕಡಿಮೆಯಾದುದರಿಂದ ಎಷ್ಟು ಕಾಸಿ ನೀರಿಗದ್ದಿದರೂ ಗಡಸಾಗುವುದಿಲ್ಲ. ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿಯ ಉಕ್ಕಿನಲ್ಲಿ ನೂರಕ್ಕೆ ಅರ್ಧದಷ್ಟು, ಅದಕ್ಕೂ ತುಸು ಹೆಚ್ಚು ಇಂಗಾಲವಿರುವುದು. ಹಳ್ಳಿಯ ಕಮ್ಮಾರರು ಅದನ್ನೇ ಮೆಚ್ಚುವುದು ಸುಮ್ಮನೆ ಅಲ್ಲ. ಹೈದರಾಬಾದಿನಿಂದ ಪುಣೆಯತ್ತ ಸಾಗುವ ಹೆದ್ದಾರಿಯ ಮೇಲಿರುವ ಹುಮನಾಬಾದಿನಂಥ ಊರಿಗೆ ಇಂಥ ಪಟ್ಟಿ ಅಪರೂಪವಲ್ಲ. ಸಂದೇಹವಿದ್ದರೆ ಸಾಣೆಯ ಚಕ್ರಕ್ಕೆ ಒಮ್ಮೆ ತಾಗಿಸಿದರಾಯಿತು: ಮೆದು ಕಬ್ಬಿಣದ ಕಿಡಿ ಉದ್ದವಾಗಿ ನೇರ ಹಾರುವುದು, ಉಕ್ಕಿನ ಕಿಡಿ ತುದಿಯಲ್ಲಿ ಹೂವಿನಂತೆ ಒಡೆದು ಚದರುವುದು.

ಉಕ್ಕೆಂಬ ಮಾತಿಗೆ ಬಂದಾಗ ಇನ್ನೊಂದು ಸಂಗತಿ. ಹಿಂದಿನ ಹೈದರಾಬಾದು ಸಂಸ್ಥಾನಕ್ಕೇ ಸೇರಿದ್ದ ಕೋಣಸಮುದ್ರಂ ಎಂಬಲ್ಲಿ ಮೂಸೆಯಲ್ಲಿ ಕರಗಿಸಿ ತಯಾರಿಸಿದ ಉಕ್ಕನ್ನು ಕೊಳ್ಳಲು ಪರ್ಷಿಯದ ವರ್ತಕರು ಬರುತ್ತಿದ್ದರು. ಆ ಉಕ್ಕಿಗೆ ಆಂಗ್ಲರು ಇಟ್ಟ ‘ವೂಟ್ಸ್’ ಎಂಬ ಹೆಸರು ನಮ್ಮ ‘ಉಕ್ಕು’ ಶಬ್ದದಿಂದಲೇ ಬಂದುದೆಂದು ಅನೇಕ ವಿದ್ವಾಂಸರ ಮತ. ಖಡ್ಗದ ಕತೆಯನ್ನು ಬರೆದವರು ಬಹಳ; ಅದೇ ಕುಲದ ಕುಡದ ಕತೆ ಬರೆದವರು ವಿರಳ.

ಒಳ್ಳೆಯ ಉಕ್ಕು ದೊರೆತ ಮಾತ್ರಕ್ಕೆ ಒಳ್ಳೆಯ ಕುಡವಾಗುವುದಿಲ್ಲ. ತಟ್ಟಿ ಅಂಚು ತೆಳುಮಾಡಿದ ಮೇಲೆ ಕಮ್ಮಾರನು ಅದನ್ನು ಕೆಂಪಗೆ ಕಾಸಿ, ಬಾಯಿಯ ಅಂಚನ್ನಷ್ಟೆ ನೀರಿಗೋ ಎಣ್ಣೆಗೋ ಅದ್ದುವನು. ಸ್ಪ್ರಿಂಗ್ ಉಕ್ಕಿಗೆ ತಣ್ಣೀರಿಗಿಂತ ಎಣ್ಣೆ ಕ್ಷೇಮ. ನೀರಿನಲ್ಲಿ ಸೀಳು ಬಿಡುವ ಭಯವುಂಟು. ಹೀಗೆ ಗಡಸಾದ ಅಂಚು ಗಾಜಿನಂತೆ ಪೆಡಸು. ಅದನ್ನು ಉಜ್ಜಿ ಹೊಳಪುಗೊಳಿಸಿ ಮತ್ತೆ ಮೆಲ್ಲಗೆ ಕಾಸಿದರೆ ಲೋಹದ ಮೇಲೆ ಬಣ್ಣಗಳು ಓಡತೊಡಗುವುವು. ಮೊದಲು ಒಣಹುಲ್ಲಿನ ಹಳದಿ, ಬಳಿಕ ಕಂದು, ನೇರಳೆ, ಕೊನೆಗೆ ನೀಲಿ. ಹಳದಿಯಲ್ಲಿ ನಿಲ್ಲಿಸಿದರೆ ಹರಿತ ಬಹುಕಾಲ ನಿಲ್ಲುವುದು, ಆದರೆ ಕಲ್ಲು ತಾಗಿದೊಡನೆ ಅಂಚು ಚಕ್ಕೆಯೇಳುವುದು. ನೇರಳೆಗೂ ನೀಲಿಗೂ ನಡುವೆ ನಿಲ್ಲಿಸಿದರೆ ಹರಿತ ತುಸು ಕಡಿಮೆಯಾದರೂ ಕುಡ ಪೆಟ್ಟು ತಾಳುವುದು. ಈ ಸೀಮೆಯಲ್ಲಿ ಎರೆಯ ಪಕ್ಕದಲ್ಲೇ ಮುರಕಲ್ಲಿನ ಕೆಂಪು ನೆಲ ಬರುವುದು. ಒಂದೇ ಮನೆತನಕ್ಕೆ ಎರಡು ಬಗೆಯ ಹೊಲವಿದ್ದರೂ ಇರಬಹುದು. ಯಾವ ಹೊಲಕ್ಕೆಂಬುದನ್ನು ಕಮ್ಮಾರನಿಗೆ ಮೊದಲೇ ತಿಳಿಸುವವನೇ ಬುದ್ಧಿವಂತ.

ಹಿಮದ ನಾಡುಗಳಲ್ಲಿ ಮಂಜುಗಡ್ಡೆಯ ಮೇಲೆ ಹಾಕಿ ಆಡುವವರ ಬೂಟಿನಡಿಯ ಅಲಗಿಗೂ ಇದೇ ಬಗೆಯ ಚಿಂತೆಯೆಂದರೆ ವಾಚಕರು ನಕ್ಕಾರು. ನಮ್ಮ ಲಡಾಖಿನಲ್ಲಿಯೇ ಈ ಆಟದ ಆರಂಭದ ದಿನಗಳಲ್ಲಿ ಸೈನಿಕರ ಬೂಟುಗಳಿಗೆ ಕಬ್ಬಿಣದ ಅಲಗು ಜೋಡಿಸಿಕೊಂಡು ಆಡುತ್ತಿದ್ದರು. ಆ ಅಲಗಿನ ತಳ ಚಾಕುವಿನಂತಲ್ಲ; ಉದ್ದಕ್ಕೂ ಸಣ್ಣ ತೋಡು ಕೊರೆದು ಎರಡು ಅಂಚು ಮಾಡಿರುತ್ತಾರೆ. ಆಟ ಮುಗಿದೊಡನೆ ಒರೆಸಿಡುವುದು, ಗಚ್ಚಿನ ನೆಲದ ಮೇಲೆ ನಡೆಯುವಾಗ ಕವಚ ತೊಡಿಸುವುದು, ಸಾಣೆ ಹಿಡಿದು ಹಿಡಿದು ಅಲಗು ಹಿಡಿಕೆಯ ಸಮೀಪಕ್ಕೆ ಸವೆದಾಗ ಹೊಸದನ್ನು ಹಾಕುವುದು: ಅವರ ಈ ಮೂರು ಪಾಠಗಳನ್ನು ಕಲ್ಯಾಣದ ಒಕ್ಕಲಿಗನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹೊಲಕ್ಕೆ ಹೋಗುವಾಗ ಕುಂಟೆಯನ್ನು ದಾರಿಯ ಮೇಲೆ ಎಳೆಯದೆ ನೊಗದ ಮೇಲೆ ತಲೆಕೆಳಗಾಗಿ ಏರಿಸಿ ಒಯ್ಯುವ ವಾಡಿಕೆ ಅದಕ್ಕಾಗಿಯೇ. ಸಂಜೆ ಮಣ್ಣು ಕೆರೆದು ಒರೆಸಿ, ಹಂಗಾಮು ಮುಗಿದಾಗ ಕುಡವನ್ನು ಕಳಚಿ ಎಣ್ಣೆ ಸವರಿ ತೇವ ತಾಗದೆಡೆ ತೂಗುಹಾಕಬೇಕು. ತುಕ್ಕು ಅಂಚಿನಿಂದಲೇ ತಿನ್ನತೊಡಗುವುದು. ಸವೆತ ನಡುವಿಗಿಂತ ತುದಿಗಳಲ್ಲಿ ಬೇಗ. ತುದಿ ದುಂಡಾದ ಕುಡ ಸಾಲಿನ ಅಂಚಿನ ಕಳೆಯನ್ನು ಬಿಟ್ಟುಹೋಗುವುದು. ಕಮ್ಮಾರನಲ್ಲಿ ಹಣಿಸಿದಷ್ಟೂ ಅಗಲ ಕುಗ್ಗುವುದು. ಅಂಚು ಬಳೆಯ ಹತ್ತಿರ ಬಂದಿತೆಂದರೆ ಅದರ ಆಯುಷ್ಯ ಮುಗಿಯಿತು. ಆಮೇಲೆ ಮಣ್ಣು ತಿನ್ನುವುದು ಬಳೆಯನ್ನು, ತಾಳನ್ನು. ಒಂದು ಪಟ್ಟಿ ಉಳಿಸಹೋಗಿ ಬಡಗಿಯ ಮನೆಗೂ ನಡೆಯಬೇಕಾದೀತು.

ಜೋಡಣೆಯಲ್ಲಿ ಎಡವುವವರೇ ಹೆಚ್ಚು. ಬಳೆ ಸಡಿಲವಾದರೆ ಕುಡ ಅಲುಗಾಡಿ ತಾಳನ್ನು ಸೀಳುವುದು. ಕುಡದ ಮುಖ ತೀರ ಕೆಳಗೆ ಬಾಗಿದರೆ ನೆಲವನ್ನು ಅಗೆಯುತ್ತ ಹೋಗುವುದು, ಎತ್ತುಗಳ ಹೆಗಲು ಬಾಯುವುದು. ತೀರ ಮೇಲಾದರೆ ಮಣ್ಣಿನ ಮೇಲೆ ಜಾರಿ ಹುಲ್ಲನ್ನು ತೀಡಿ ಬಿಡುವುದು. ಮೊದಲ ಸಾಲಿನ ತುದಿಯಲ್ಲಿ ನಿಂತು ಎರಡು ಕಳೆಗಿಡ ಕಿತ್ತು ನೋಡಿದರೆ ತಿಳಿಯುವುದು: ಬೇರು ಕತ್ತರಿಸಿದ್ದರೆ ಸರಿ, ಹರಿದು ಜಗ್ಗಿದಂತಿದ್ದರೆ ಕುಡ ಮೊಂಡು.

ಮೊದಲು ಆಯದ ಪದ್ಧತಿಯಿದ್ದಾಗ ಸುಗ್ಗಿಯಲ್ಲಿ ಕಮ್ಮಾರನಿಗೆ ಕಾಳು ಅಳೆದುಕೊಟ್ಟರೆ ವರ್ಷವಿಡೀ ಕುಡ ಹಣಿಯುವ ಹೊಣೆ ಅವನದು. ಈಗ ಒಂದೊಂದು ಕೆಲಸಕ್ಕೆ ರೊಕ್ಕ. ಟ್ರ್ಯಾಕ್ಟರಿನ ಹಿಂದಿನ ಕುಂಟೆಗೆ ಬೋಲ್ಟಿನಿಂದ ಬಿಗಿಯುವ ಅಲಗುಗಳು ಪೇಟೆಯಲ್ಲಿ ಸಿದ್ಧವಾಗಿ ದೊರೆಯುವುವು. ಎತ್ತು ಸಾಕಲಾರದ ಚಿಕ್ಕ ಹಿಡುವಳಿಯವರು ಹಳೆಯ ಸೈಕಲ್ಲಿನ ಒಂದು ಗಾಲಿಗೆ ಹಿಡಿಕೆ ಜೋಡಿಸಿ, ಗೇಣುದ್ದದ ಕುಡ ಕಟ್ಟಿ, ತಾವೇ ತಳ್ಳುವುದೂ ಉಂಟು. ಆ ಗಾಡಿಯನ್ನು ತಳ್ಳುವವರು ಕುಡದ ಹರಿತವನ್ನು ಎತ್ತಿನ ನಡಿಗೆಯಿಂದ ಊಹಿಸಬೇಕಾಗಿಲ್ಲ. ಹತ್ತು ಹೆಜ್ಜೆಯೊಳಗೆ ಅವರ ರಟ್ಟೆಗೇ ಅದು ತಿಳಿದುಬರುವುದು.