ದೃಶ್ಯಕಲೆಯ ಸ್ನಾತಕೋತ್ತರ ಅಧ್ಯಯನ: ಆಯ್ಕೆ ಮತ್ತು ಅರ್ಜಿ

ಪ್ರತಿವರ್ಷವೂ ಪದವಿ ತರಗತಿಗಳ ಅಂತಿಮ ಪ್ರದರ್ಶನ ಮುಗಿಯುವ ವೇಳೆಗೆ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ನಮ್ಮ ವಿಭಾಗಕ್ಕೆ ಬಂದು ಕೇಳುವ ಪ್ರಶ್ನೆ ಒಂದೇ: “ಮುಂದೆ ಯಾವ ಕಲಾಶಾಲೆಗೆ ಹೋಗುವುದು ಉತ್ತಮ?” ಪ್ರಶ್ನೆ ಸಹಜವಾದುದೇ. ಆದರೆ ವೈದ್ಯನ ಬಳಿಗೆ ಹೋಗಿ, ರೋಗವನ್ನು ಹೇಳದೆ, ಯಾವ ಔಷಧ ಉತ್ತಮವೆಂದು ಕೇಳಿದರೆ ಆತನು ಏನು ತಾನೆ ಹೇಳಿಯಾನು? ತನ್ನ ಕೃತಿಯಲ್ಲಿ ಈಗ ಏನಿದೆ, ಏನಿಲ್ಲ, ಇಲ್ಲದಿರುವುದರಲ್ಲಿ ಯಾವುದನ್ನು ಇನ್ನೊಬ್ಬರಿಂದ ಕಲಿಯಬೇಕಾಗಿದೆ ಎಂಬುದನ್ನು ಕಂಡುಕೊಂಡವನಿಗೆ ಮಾತ್ರ ಶಾಲೆಯ ಪ್ರಶ್ನೆಗೆ ಉತ್ತರ ದೊರೆಯುತ್ತದೆ. ಈ ಮಾತನ್ನು ಕೆಲವು ನಿದರ್ಶನಗಳೊಡನೆ ವಿಶದಪಡಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

೧. ಪದವಿಯಿಂದ ಆಗುವುದು, ಆಗದಿರುವುದು

ಕಲಾವಿದನಾಗಲು ಸ್ನಾತಕೋತ್ತರ ಪದವಿ ಅನಿವಾರ್ಯವೇನೂ ಅಲ್ಲ. ಕೆ. ವೆಂಕಟಪ್ಪನವರು ಮೈಸೂರು ಅರಸರ ನೆರವಿನಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಬಳಿ ಕಲಿತರು. ಅವರು ಅರಸಿ ಹೋದದ್ದು ಒಬ್ಬ ಗುರುವನ್ನು. ಉಡುಪಿಯ ಸಮೀಪದ ಕಟ್ಟಿಂಗೇರಿಯಲ್ಲಿ ೧೯೧೧ರಲ್ಲಿ ಜನಿಸಿದ ಕೆ. ಕೆ. ಹೆಬ್ಬಾರರು ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ವ್ಯಾಸಂಗ ಮಾಡಿದರು. ಹೆಸರು ಗಳಿಸಿದ ಅನಂತರವೂ ಪ್ಯಾರಿಸಿನ ಅಕಾದೆಮಿ ಜ್ಯುಲಿಯನ್ನಿಗೆ ಹೋಗಿ ಮತ್ತೆ ವಿದ್ಯಾರ್ಥಿಯಾದರು. ಈ ಎರಡು ಉದಾಹರಣೆಗಳಲ್ಲಿಯೂ ಪಯಣಕ್ಕೆ ಕಾರಣವಾದದ್ದು ಕಲಿಯಬೇಕೆಂಬ ಹಂಬಲ.

ಹಾಗೆಂದು ಪದವಿಯನ್ನು ಹಗುರವಾಗಿ ಕಾಣಲಾಗದು. ವಿಶ್ವವಿದ್ಯಾನಿಲಯಗಳಲ್ಲಿ ಅಧ್ಯಾಪಕರಾಗಬೇಕೆನ್ನುವವರಲ್ಲಿ ಬಹುತೇಕರಿಗೆ ಸ್ನಾತಕೋತ್ತರ ಪದವಿಯೂ ರಾಷ್ಟ್ರೀಯ ಅರ್ಹತಾ ಪರೀಕ್ಷೆಯೂ ಹೊಸ್ತಿಲುಗಳಾಗಿ ನಿಂತಿವೆ. ಅಮೆರಿಕದಲ್ಲಿ ಎಂ.ಎಫ್.ಎ. ಪದವಿಯನ್ನು ಕಲಾಭ್ಯಾಸದ ಅತ್ಯುಚ್ಚ ಪದವಿಯೆಂದು ಅಲ್ಲಿನ ಕಾಲೇಜ್ ಆರ್ಟ್ ಅಸೋಸಿಯೇಷನ್ ೧೯೭೭ರ ತನ್ನ ನಿಬಂಧನೆಗಳಲ್ಲಿ ಪ್ರತಿಪಾದಿಸಿತು. ಆದಕಾರಣ ಅರ್ಜಿದಾರನು ಮೊದಲು ತನ್ನ ಉದ್ದೇಶವನ್ನು ನಿಶ್ಚಯಿಸಿಕೊಳ್ಳಬೇಕು. ಬೋಧನೆಯನ್ನು ವೃತ್ತಿಯಾಗಿ ಬಯಸುವವನು ಪದವಿಯ ಮಾನ್ಯತೆಯನ್ನು ವಿಚಾರಿಸಲಿ. ಕಲೆಯ ಇತಿಹಾಸ, ವಿಮರ್ಶೆಗಳತ್ತ ಒಲವುಳ್ಳವನು ಗ್ರಂಥಾಲಯವನ್ನೂ ಇತಿಹಾಸದ ಅಧ್ಯಾಪಕರನ್ನೂ ನೋಡಲಿ. ಕೃತಿರಚನೆಯೇ ಗುರಿಯಾದವನು ಕಾರ್ಯಶಾಲೆಯನ್ನು ನೋಡಲಿ. ಮೂವರಿಗೂ ಒಂದೇ ಶಾಲೆ ಉತ್ತಮವಾಗಿರಬೇಕೆಂಬ ನಿಯಮವಿಲ್ಲ.

೨. ಹೆಸರು ಮತ್ತು ವರ್ತಮಾನ

ನಮ್ಮ ದೇಶದ ಕಲಾಶಾಲೆಗಳಿಗೆ ಒಂದೊಂದಕ್ಕೂ ಒಂದೊಂದು ಜಾಯಮಾನವುಂಟು. ಮದರಾಸು (೧೮೫೦), ಕಲ್ಕತ್ತೆ (೧೮೫೪), ಮುಂಬಯಿ (೧೮೫೭) ಶಾಲೆಗಳು ಹುಟ್ಟಿದಾಗ ಕುಶಲಕರ್ಮಿಗಳನ್ನೂ ನಕ್ಷೆಗಾರರನ್ನೂ ತರಬೇತುಗೊಳಿಸುವುದು ಅವುಗಳ ಮುಖ್ಯ ಧ್ಯೇಯಗಳಲ್ಲೊಂದಾಗಿತ್ತು. ೧೯೧೯ರಲ್ಲಿ ಶಾಂತಿನಿಕೇತನದಲ್ಲಿ ಆರಂಭವಾದ ಕಲಾಭವನವು ಬೇರೊಂದು ದಾರಿ ಹಿಡಿಯಿತು. ಸುತ್ತಣ ಪ್ರಕೃತಿ, ಹಳ್ಳಿಯ ಬದುಕು, ಕರಕುಶಲ ಇವೆಲ್ಲವೂ ನಂದಲಾಲ ಬೋಸರ ಬೋಧನೆಯಲ್ಲಿ ಪಾಠಗಳಾದವು. ೧೯೫೦ರಲ್ಲಿ ಬರೋಡದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾನಿಲಯದಲ್ಲಿ ತೆರೆದ ಲಲಿತಕಲಾ ವಿಭಾಗವು ಕೃತಿರಚನೆಯನ್ನೂ ಕಲೆಯ ಇತಿಹಾಸವನ್ನೂ ಒಂದೇ ಸೂರಿನಡಿ ತಂದಿತು. ನಮ್ಮ ನಾಡಿನ ಮೈಸೂರು, ಬೆಂಗಳೂರು, ಕಲಬುರಗಿಗಳಲ್ಲಿಯೂ ಇಂದು ದೃಶ್ಯಕಲೆಯ ಸ್ನಾತಕೋತ್ತರ ಅಧ್ಯಯನಕ್ಕೆ ಅವಕಾಶವುಂಟು.

ಆದರೆ ಈ ಇತಿಹಾಸವನ್ನು ಓದುವಾಗ ಒಂದು ವಿಷಯವನ್ನು ಗಮನಿಸಬೇಕು. ಬರೋಡದ ಮೊದಲ ದಶಕಗಳಿಗೆ ರೂಪು ಕೊಟ್ಟವರಲ್ಲಿ ಶಂಖೋ ಚೌಧುರಿ, ಕೆ. ಜಿ. ಸುಬ್ರಹ್ಮಣ್ಯನ್ ಇಬ್ಬರೂ ಶಾಂತಿನಿಕೇತನದಲ್ಲಿ ಕಲಿತವರು. ಅದೇ ಸುಬ್ರಹ್ಮಣ್ಯನ್ ೧೯೮೦ರಲ್ಲಿ ಮರಳಿ ಶಾಂತಿನಿಕೇತನಕ್ಕೆ ಅಧ್ಯಾಪಕರಾಗಿ ಹೋದರು. ಕಟ್ಟಡ ನಿಂತಲ್ಲಿಯೇ ನಿಲ್ಲುತ್ತದೆ. ವಿದ್ಯೆ ಮನುಷ್ಯರೊಡನೆ ನಡೆಯುತ್ತದೆ. ಒಂದು ಸಂಸ್ಥೆಯ ಕೀರ್ತಿ ಬಹುಮಟ್ಟಿಗೆ ಅಲ್ಲಿ ಹಿಂದೆ ಇದ್ದವರ ಕೀರ್ತಿ. ಅರ್ಜಿದಾರನಿಗೆ ಬೇಕಾದುದು ಈ ವರ್ಷ, ಮುಂದಿನ ವರ್ಷ ಅಲ್ಲಿ ಇರುವವರ ಪರಿಚಯ.

ಈ ಎಚ್ಚರಿಕೆಯನ್ನು ನಾವು ಕಲಿತುದು ನಮ್ಮದೇ ಒಂದು ತಪ್ಪಿನಿಂದ. ಕೆಲವು ವರ್ಷಗಳ ಹಿಂದೆ, ಶಿಲಾಮುದ್ರಣದಲ್ಲಿ ವಿಶೇಷ ಆಸಕ್ತಿಯುಳ್ಳ ವಿದ್ಯಾರ್ಥಿನಿಯೊಬ್ಬಳಿಗೆ ದೂರದ ಹೆಸರಾಂತ ಸಂಸ್ಥೆಯೊಂದನ್ನು ನಾವೇ ಸೂಚಿಸಿದೆವು. ಅಲ್ಲಿನ ಮುದ್ರಣಶಾಲೆಯನ್ನು ನಾವು ನೋಡಿ ಹತ್ತು ವರ್ಷಗಳ ಮೇಲಾಗಿದ್ದಿತು. ಆಗ ಕಂಡುದನ್ನೇ ಇಂದಿನ ಸತ್ಯವೆಂದು ಹೇಳಿಬಿಟ್ಟೆವು. ಆಕೆ ಪ್ರವೇಶ ಪಡೆದು ಹೋದಾಗ ಶಿಲಾಮುದ್ರಣ ಕಲಿಸುತ್ತಿದ್ದವರು ನಿವೃತ್ತರಾಗಿದ್ದರು. ಕಲ್ಲುಗಳಿದ್ದವು, ಅವುಗಳನ್ನು ಉಜ್ಜಿ ಹದಗೊಳಿಸಿ ಅಚ್ಚು ತೆಗೆಯಬಲ್ಲವರಿರಲಿಲ್ಲ. ಮೊದಲ ವರ್ಷವೆಲ್ಲ ಆಕೆ ತನಗೆ ಬೇಡವಾದುದನ್ನು ಮಾಡುತ್ತ ಕಳೆದಳು. ತಂದೆ ಸಾಲ ಮಾಡಿ ಕೊಟ್ಟ ಹಣ, ಮರಳಿ ಬರುವಂತಿರಲಿಲ್ಲ. ಎರಡನೆಯ ವರ್ಷ ಮರಗೆತ್ತನೆಯ ಅಚ್ಚಿನಲ್ಲಿ ತನ್ನ ದಾರಿಯನ್ನು ತಾನೇ ಕಂಡುಕೊಂಡಳೆಂಬುದು ಆಕೆಯ ಹಿರಿಮೆಯೇ ಹೊರತು ನಮ್ಮ ಸಲಹೆಯ ಹಿರಿಮೆಯಲ್ಲ. ಒಂದು ಪತ್ರ ಬರೆದು ವಿಚಾರಿಸಿದ್ದರೆ ತಿಳಿಯಬಹುದಾಗಿದ್ದ ಸಂಗತಿ ಅದು.

೩. ವಿಚಾರಿಸಬೇಕಾದ ಸಂಗತಿಗಳು

ಅಂದಿನಿಂದ ನಾವು ವಿದ್ಯಾರ್ಥಿಗಳಿಗೆ ಕೆಲವು ಪ್ರಶ್ನೆಗಳನ್ನು ಕೊಟ್ಟು ಕಳುಹಿಸುತ್ತೇವೆ. ಈಗ ಬೋಧಿಸುತ್ತಿರುವವರು ಯಾರು, ಅವರ ಇತ್ತೀಚಿನ ಕೃತಿಗಳನ್ನು ನೀವು ನೋಡಿರುವಿರಾ? ನಿಮಗೆಂದೇ ಒಂದು ಗೋಡೆಯೋ ಮೂಲೆಯೋ ದೊರೆಯುವುದೆ? ಕಾರ್ಯಶಾಲೆ ಸಂಜೆಯ ಮೇಲೂ ತೆರೆದಿರುವುದೆ? ಎಚ್ಚಣೆಯ ಯಂತ್ರ, ಕುಲುಮೆ, ಲೋಹ ಎರಕದ ವ್ಯವಸ್ಥೆ ನಡೆಯುತ್ತಿವೆಯೆ, ಅಥವಾ ಪಟ್ಟಿಯಲ್ಲಿ ಮಾತ್ರ ಇವೆಯೆ? ಸಾಮಗ್ರಿಯ ವೆಚ್ಚ ಯಾರದು? ಇವಕ್ಕೆ ನಿಜವಾದ ಉತ್ತರ ಕೊಡಬಲ್ಲವರು ಈಗ ಅಲ್ಲಿ ಓದುತ್ತಿರುವ ವಿದ್ಯಾರ್ಥಿಗಳು. ಸಾಧ್ಯವಾದರೆ ವಾರ್ಷಿಕ ಪ್ರದರ್ಶನದ ಸಮಯಕ್ಕೆ ಹೋಗಿ ನೋಡುವುದು ಲೇಸು. ಪ್ರದರ್ಶನದಲ್ಲಿನ ಕೃತಿಗಳೆಲ್ಲ ಒಬ್ಬನೇ ಅಧ್ಯಾಪಕನ ಕೈಬರಹದಂತೆ ಕಂಡರೆ ಅದೂ ಒಂದು ಉತ್ತರವೇ.

ವಿದೇಶಗಳ ಪದ್ಧತಿಯೂ ಒಂದೇ ತೆರನಲ್ಲ. ಅಮೆರಿಕದ ಎಂ.ಎಫ್.ಎ. ಸಾಮಾನ್ಯವಾಗಿ ಎರಡು ಅಥವಾ ಮೂರು ವರ್ಷಗಳದು; ಸಹಪಾಠಿಗಳೂ ಅಧ್ಯಾಪಕರೂ ಕೂಡಿ ಕೃತಿಯನ್ನು ಚರ್ಚಿಸುವ ವಿಮರ್ಶಾಗೋಷ್ಠಿಗೆ ಅಲ್ಲಿ ಪ್ರಾಧಾನ್ಯ. ಕೆಲವು ವಿಶ್ವವಿದ್ಯಾನಿಲಯಗಳು ಬೋಧನಾ ಸಹಾಯಕತ್ವವನ್ನಿತ್ತು ಶುಲ್ಕವನ್ನು ಮನ್ನಾ ಮಾಡುತ್ತವೆ. ಬ್ರಿಟನ್ನಿನಲ್ಲಿ ಅನೇಕ ಎಂ.ಎ. ವ್ಯಾಸಂಗಗಳು ಒಂದೇ ವರ್ಷದವು; ತನಗೆ ಬೇಕಾದುದೇನೆಂಬುದು ಮೊದಲೇ ತಿಳಿದವನಿಗೆ ಅದು ಸಾಕಾದೀತು, ಹುಡುಕುತ್ತಿರುವವನಿಗೆ ಸಾಲದು. ಜರ್ಮನಿಯ ಕಲಾ ಅಕಾಡೆಮಿಗಳಲ್ಲಿ ವಿದ್ಯಾರ್ಥಿಯು ಒಬ್ಬ ಪ್ರಾಧ್ಯಾಪಕನ ವರ್ಗಕ್ಕೆ ಸೇರುವ ಪದ್ಧತಿ ಇದೆ. ಅಲ್ಲಿ ಶಾಲೆಯ ಆಯ್ಕೆಗಿಂತ ಗುರುವಿನ ಆಯ್ಕೆಯೇ ಮುಖ್ಯ. ಅಲ್ಲಿನ ಅನೇಕ ಸರಕಾರಿ ಅಕಾಡೆಮಿಗಳಲ್ಲಿ ಬೋಧನಾ ಶುಲ್ಕವಿಲ್ಲವಾದರೂ ಜೀವನವೆಚ್ಚವಿದೆ, ಜರ್ಮನ್ ಭಾಷೆಯ ಅಗತ್ಯವಿದೆ, ಕೆಲವು ಪ್ರಾಂತಗಳಲ್ಲಿ ಯೂರೋಪಿನ ಹೊರಗಿನವರಿಗೆ ಶುಲ್ಕವೂ ಇದೆ.

ಶಾಲೆಯು ಕೊಡಬಹುದಾದುದರ ಮಿತಿಯನ್ನು ಅರಿಯಲು ಶೀಲಾ ಗೌಡರ ನಿದರ್ಶನ ಉಪಯುಕ್ತ. ಭದ್ರಾವತಿಯಲ್ಲಿ ಜನಿಸಿದ ಅವರು ಬೆಂಗಳೂರಿನಲ್ಲಿ ಆರ್. ಎಂ. ಹಡಪದರ ಕೆನ್ ಕಲಾಶಾಲೆಯಲ್ಲಿ, ಬಳಿಕ ಶಾಂತಿನಿಕೇತನದಲ್ಲಿ, ಅನಂತರ ೧೯೮೬ರವರೆಗೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟಿನಲ್ಲಿ ಚಿತ್ರಕಲೆಯನ್ನು ಅಭ್ಯಸಿಸಿದರು. ಆದರೆ ಅವರಿಗೆ ಜಗತ್ತಿನ ಮನ್ನಣೆ ತಂದ ಕೃತಿಗಳಲ್ಲಿ ಸಗಣಿಯುಂಟು, ಕುಂಕುಮ ಲೇಪಿಸಿದ ನೂಲುಂಟು, ಸೂಜಿಗಳುಂಟು, ಕೂದಲುಂಟು, ಡಾಂಬರಿನ ಪೀಪಾಯಿಗಳ ತಗಡುಂಟು. ಈ ಸಾಮಗ್ರಿಗಳಿಗೆ ಅವರು ತಿರುಗಿದ್ದು ಲಂಡನ್ನಿನಿಂದ ಮರಳಿ ಕೆಲವು ವರ್ಷಗಳಾದ ಮೇಲೆ. ಹಾಗಾದರೆ ಮೂರು ಶಾಲೆಗಳು ವ್ಯರ್ಥವಾದುವೆ? ನಮಗೆ ಹಾಗೆ ತೋರುವುದಿಲ್ಲ. ಮಾಧ್ಯಮವನ್ನು ಬದಲಿಸುವ ಧೈರ್ಯ ಮೊದಲೊಂದು ಮಾಧ್ಯಮವನ್ನು ಆಳವಾಗಿ ಬಲ್ಲವರಿಗೆ ಹೆಚ್ಚು ಸುಲಭವಾಗಿ ಬರುತ್ತದೆ.

೪. ಅರ್ಜಿಯ ಅಂಗಗಳು

ಅರ್ಜಿಯಲ್ಲಿ ಪರೀಕ್ಷಕರು ಮೊದಲು ತೆರೆಯುವುದು ಕೃತಿಸಂಪುಟವನ್ನು, ಅಂದರೆ ಪೋರ್ಟ್‌ಫೋಲಿಯೊವನ್ನು. ಇಲ್ಲಿ ನಮ್ಮ ವಿದ್ಯಾರ್ಥಿಗಳು ಸಾಮಾನ್ಯವಾಗಿ ಮಾಡುವ ತಪ್ಪು ಒಂದುಂಟು. ತಮಗೆ ಎಲ್ಲವೂ ಬರುತ್ತದೆಂದು ತೋರಿಸುವ ಆತುರದಲ್ಲಿ ಒಂದು ಭಾವಚಿತ್ರ, ಒಂದು ನಿಸರ್ಗದೃಶ್ಯ, ಒಂದು ಅಮೂರ್ತ ರಚನೆ, ಒಂದು ಮಣ್ಣಿನ ಶಿಲ್ಪ ಹೀಗೆ ಅಂಗಡಿಯ ಮಾದರಿಗಳಂತೆ ಜೋಡಿಸುತ್ತಾರೆ. ಪದವಿ ತರಗತಿಯ ಪ್ರವೇಶಕ್ಕೆ ಇದು ಒಪ್ಪಿತು. ಸ್ನಾತಕೋತ್ತರ ಪರೀಕ್ಷಕನು ನೋಡಬಯಸುವುದು ವಿದ್ಯಾರ್ಥಿಯು ಒಂದು ವಿಷಯದೊಡನೆ ಎಷ್ಟು ಕಾಲ ಹೆಣಗಿದ್ದಾನೆ ಎಂಬುದನ್ನು. ಕೇಳಿದ ಸಂಖ್ಯೆ ಇಪ್ಪತ್ತಾದರೆ ಅವುಗಳಲ್ಲಿ ಹೆಚ್ಚಿನವು ಇತ್ತೀಚಿನ ಎರಡು ವರ್ಷಗಳವಾಗಿದ್ದು, ಒಂದರಿಂದ ಇನ್ನೊಂದು ಹುಟ್ಟಿದಂತೆ ಕಾಣಬೇಕು. ದುರ್ಬಲವಾದ ಕೃತಿಯೊಂದು ಸಂಪುಟವನ್ನೆಲ್ಲ ತನ್ನ ಮಟ್ಟಕ್ಕೆ ಎಳೆಯುತ್ತದೆ. ಅನುಮಾನವಿದ್ದುದನ್ನು ತೆಗೆದುಬಿಡುವುದು ಕ್ಷೇಮ.

ಛಾಯಾಚಿತ್ರ ತೆಗೆಯುವುದನ್ನು ಕೊನೆಯ ರಾತ್ರಿಗೆ ಉಳಿಸಬಾರದು. ನೇರ ಬಿಸಿಲು ಬೀಳದ ಹಗಲ ಬೆಳಕಿನಲ್ಲಿ, ಕ್ಯಾಮೆರಾವನ್ನು ಚಿತ್ರದ ಮಧ್ಯಕ್ಕೆ ಸರಿಯಾಗಿ, ಅದರ ಮೇಲ್ಮೈಗೆ ಸಮಾನಾಂತರವಾಗಿ ಹಿಡಿದು ತೆಗೆಯಬೇಕು. ಗಾಜಿನ ಚೌಕಟ್ಟನ್ನು ಬಿಚ್ಚಬೇಕು. ಶಿಲ್ಪವಾದರೆ ಎರಡಕ್ಕೆ ಕಡಿಮೆಯಿಲ್ಲದ ಕೋನಗಳಿಂದ ತೋರಿಸಬೇಕು. ಪ್ರತಿಯೊಂದರ ಕೆಳಗೂ ಹೆಸರು, ಮಾಧ್ಯಮ, ಅಳತೆ, ವರ್ಷ ಇರಬೇಕು. ಅಳತೆಯಿಲ್ಲದ ಚಿತ್ರವು ಪರದೆಯ ಮೇಲೆ ಅಂಗೈಯಗಲದ್ದೋ ಗೋಡೆಯಗಲದ್ದೋ ತಿಳಿಯದು.

ಉದ್ದೇಶಪತ್ರವನ್ನು ಬರೆಯುವಾಗ ಬಾಲ್ಯದಿಂದಲೂ ಕಲೆಯೆಂದರೆ ಪ್ರಾಣವೆಂಬ ಮಾತಿನಿಂದ ಆರಂಭಿಸುವುದು ಒಂದು ರೂಢಿಯಾಗಿದೆ. ಅದು ನಿಜವೇ ಇದ್ದೀತು. ಆದರೆ ಅದರಿಂದ ಪರೀಕ್ಷಕನಿಗೆ ಏನೂ ತಿಳಿಯುವುದಿಲ್ಲ. “ಬಟ್ಟೆ ಒಗೆಯುವ ಕಲ್ಲುಗಳನ್ನು ಎರಡು ವರ್ಷಗಳಿಂದ ಇದ್ದಿಲಿನಲ್ಲಿ ಬರೆಯುತ್ತಿದ್ದೇನೆ, ಕಲ್ಲಿನ ಸವೆತವನ್ನು ರೇಖೆಯಲ್ಲಿ ತರಲಾಗುತ್ತಿಲ್ಲ, ಎಚ್ಚಣೆಯಲ್ಲಿ ಅದು ಸಾಧ್ಯವಾದೀತೆಂದು ಎಣಿಸಿದ್ದೇನೆ” ಎಂಬ ಮಾದರಿಯ ಮೂರು ವಾಕ್ಯಗಳು ಮೂರು ಪುಟಗಳ ಭಾವೋದ್ಗಾರಕ್ಕಿಂತ ಹೆಚ್ಚು ಕೆಲಸ ಮಾಡುತ್ತವೆ. ಇಂಗ್ಲಿಷಿನಲ್ಲಿ ಬರೆಯಬೇಕಾದಾಗ ಮೊದಲು ಕನ್ನಡದಲ್ಲಿ ಬರೆದುಕೊಂಡು, ಹೇಳಬೇಕಾದುದು ಸ್ಪಷ್ಟವಾದ ಮೇಲೆ ಆ ಭಾಷೆಗೆ ತರುವುದನ್ನು ನಾವು ಸೂಚಿಸುತ್ತೇವೆ. ಎರವಲು ಪಡೆದ ದೊಡ್ಡ ಪದಗಳು ಸಂದರ್ಶನದಲ್ಲಿ ಕೈಕೊಡುತ್ತವೆ. ಶಿಫಾರಸು ಪತ್ರವನ್ನು ಪದವಿಯ ಎತ್ತರ ನೋಡಿ ಕೇಳುವುದಕ್ಕಿಂತ, ನೀವು ಕೆಲಸ ಮಾಡುತ್ತಿದ್ದುದನ್ನು ಕಣ್ಣಾರೆ ಕಂಡವರಿಂದ, ಒಂದು ತಿಂಗಳ ಮೊದಲೇ ಕೇಳುವುದು ಉಚಿತ.

೫. ಹಣ ಮತ್ತು ಕಾಲ

ಶುಲ್ಕ, ವಸತಿ, ಸಾಮಗ್ರಿ, ಪಯಣ ಈ ನಾಲ್ಕನ್ನೂ ಸೇರಿಸಿ ಪೂರ್ಣಾವಧಿಯ ಲೆಕ್ಕವನ್ನು ಕಾಗದದ ಮೇಲೆ ಬರೆಯದೆ ಅರ್ಜಿ ಹಾಕಬಾರದು. ವಿದೇಶದ ವಿದ್ಯಾರ್ಥಿವೇತನಗಳ ಗಡುವು ಎಷ್ಟೋ ವೇಳೆ ಪ್ರವೇಶದ ಗಡುವಿಗಿಂತ ಮುಂಚೆಯೇ ಬರುವುದರಿಂದ ಒಂದು ವರ್ಷ ಮೊದಲೇ ಸಿದ್ಧತೆ ನಡೆಯಬೇಕು. ಚಿತ್ರ ಮಾರಿ ಸಾಲ ತೀರಿಸುವೆನೆಂಬ ಲೆಕ್ಕಾಚಾರವನ್ನು ನಾವು ಒಪ್ಪಲಾರೆವು. ಸಾಲದ ಕಂತು ತಿಂಗಳು ತಿಂಗಳೂ ಬರುತ್ತದೆ. ಕೊಳ್ಳುವವನು ಹಾಗೆ ಬರುವುದಿಲ್ಲ. ಕೃತಿರಚನೆಗೆ ಬಿಡುವು ಬೇಕೆಂದು ಓದಲು ಹೋದವನು ಸಾಲಕ್ಕಾಗಿ ಆ ಬಿಡುವನ್ನೇ ಕಳೆದುಕೊಂಡುದನ್ನು ನಾವು ಕಂಡಿದ್ದೇವೆ.

ಪದವಿ ಮುಗಿದ ವರ್ಷವೇ ಅರ್ಜಿ ಹಾಕಬೇಕೆಂಬ ನಿರ್ಬಂಧವೂ ಇಲ್ಲ. ಅಧ್ಯಾಪಕರ ಸೂಚನೆಯಿಲ್ಲದೆ, ಅಂಕಗಳ ಹಂಗಿಲ್ಲದೆ ಒಂದು ವರ್ಷ ಮನೆಯಲ್ಲಿಯೋ ಬಾಡಿಗೆಯ ಕೊಠಡಿಯಲ್ಲಿಯೋ ಕೆಲಸ ಮಾಡಿ ನೋಡಿದವನಿಗೆ ತನ್ನ ಕೊರತೆ ತಾನಾಗಿಯೇ ತಿಳಿಯುತ್ತದೆ. ಆ ವರ್ಷದಲ್ಲಿ ಕೆಲಸವೇ ನಿಂತುಹೋದರೆ ಅದೂ ತಿಳಿಯಬೇಕಾದ ಸಂಗತಿಯೇ.

ಪ್ರವೇಶ ದೊರೆಯದಿದ್ದವರಿಗೆ ಒಂದು ಮಾತು. ಸ್ಥಳಗಳು ಕೆಲವೇ; ಅರ್ಜಿಗಳು ಅನೇಕ. ಆಯ್ಕೆಯ ಸಮಿತಿಯಲ್ಲಿ ಕುಳಿತಿರುವ ನಮಗೆ ಗೊತ್ತಿದೆ, ಒಳ್ಳೆಯ ಕೃತಿಸಂಪುಟಗಳನ್ನೂ ಸ್ಥಳವಿಲ್ಲವೆಂದು ಹಿಂದಿರುಗಿಸಬೇಕಾಗುತ್ತದೆ. ಆ ನಿರ್ಧಾರ ಆ ವರ್ಷದ್ದು, ಆ ಸಮಿತಿಯದು. ಮರುವರ್ಷ ಅರ್ಜಿ ಹಾಕುವವರು ಹಳೆಯ ಸಂಪುಟವನ್ನೇ ಮತ್ತೆ ಕಳುಹಿಸದೆ, ನಡುವೆ ಮಾಡಿದ ಕೆಲಸವನ್ನು ಮುಂದಿಟ್ಟುಕೊಂಡು ಬರಲಿ. ನಮ್ಮ ವಿಭಾಗದ ಬಾಗಿಲು ಅಂಥವರಿಗೆ ತೆರೆದೇ ಇರುತ್ತದೆ. ಯಾವ ಶಾಲೆ ಉತ್ತಮವೆಂದು ಕೇಳುವ ಮೊದಲು ಅವರು ಬಟ್ಟೆಯಲ್ಲಿ ಸುತ್ತಿ ತಂದುದನ್ನು ಬಿಚ್ಚಿ ತೋರಿಸಲೆಂದಷ್ಟೇ ನಮ್ಮ ಕೋರಿಕೆ.