ಇಪ್ಪತ್ತೊಂದು ಲಕ್ಷ ಇಟ್ಟಿಗೆ: ಒಬ್ಬ ಗಾರೆ ಮೇಸ್ತ್ರಿಯ ಲೆಕ್ಕ

ಅಪ್ಪ 35 ವರ್ಷ ಗಾರೆ ಕೆಲಸ ಮಾಡಿದರು. ಅವರು ಬಿಟ್ಟುಹೋದದ್ದು ಒಂದು ಕರಣೆ, ಒಂದು ತೂಕದ ಗುಂಡು, ಅಂಗಿ ಜೇಬಿನಲ್ಲಿ ಹಿಡಿಸುವ ಕೆಲವು ಹಾಜರಿ ಪುಸ್ತಕ. ಪೂರ್ತಿ ದಿನಕ್ಕೆ ಒಂದು ಗೀಟು, ಅರ್ಧ ದಿನಕ್ಕೆ ಅರ್ಧ ಗೀಟು, ಹೋಗದ ದಿನಕ್ಕೆ ಸೊನ್ನೆ. ಅವುಗಳನ್ನು ಮುಂದಿಟ್ಟುಕೊಂಡು ಹಾಕಿದ ಅಂದಾಜು ಇದು. ರೂಪಾಯಿಯ ಬೆಲೆ ವರ್ಷಕ್ಕೊಂದು ತರಹ. ಹಾಗಾಗಿ ಲೆಕ್ಕವನ್ನು ಇಟ್ಟಿಗೆಯಲ್ಲಿ, ದಿನಗಳಲ್ಲಿ ಇಟ್ಟಿದ್ದೇನೆ.

ದುಡಿದ ದಿನಗಳು

ಮಳೆ, ಹಬ್ಬ, ಮರಳು ಬಾರದ ದಿನಗಳನ್ನು ಕಳೆದರೆ ವರ್ಷಕ್ಕೆ 240 ದಿನ ಕೆಲಸ. 35 ವರ್ಷಕ್ಕೆ 8,400 ದಿನ. ಅರ್ಧದಷ್ಟು ಪಾಯ, ಗಿಲಾವು, ನೆಲಕ್ಕೆ ಹೋಯಿತೆನ್ನೋಣ. ಉಳಿದ 4,200 ದಿನ ಗೋಡೆ. ಕೈಯಾಳು ಮಾಲು ಕಲಸಿ ಕೊಡುತ್ತಿದ್ದರೆ ನುರಿತ ಮೇಸ್ತ್ರಿ ದಿನಕ್ಕೆ 500 ಇಟ್ಟಿಗೆ ಕೂರಿಸುತ್ತಾನೆ. ಒಟ್ಟು 21 ಲಕ್ಷ. ಇಟ್ಟಿಗೆಗೆ 3 ಕೆ.ಜಿ. ಹಿಡಿದರೆ 6,300 ಟನ್, ಅಂದರೆ 10 ಟನ್ನಿನ 630 ಲಾರಿ ಲೋಡು. ಎಲ್ಲವೂ ಒಂದೊಂದಾಗಿ ಎರಡು ಕೈಯಲ್ಲಿ ಹಾದುಹೋದದ್ದು.

10 ಅಡಿ ಎತ್ತರ, 10 ಅಡಿ ಉದ್ದದ ಒಂಬತ್ತಿಂಚಿನ ಗೋಡೆಗೆ ಸುಮಾರು 1,000 ಇಟ್ಟಿಗೆ ಬೇಕು. ಆ ಪ್ರಕಾರ 2,100 ಗೋಡೆ. ಆದರೆ ಒಂದೇ ದಿನ ಐದಡಿಗಿಂತ ಮೇಲೆ ಎಬ್ಬಿಸುವಂತಿಲ್ಲ. ಕೆಳಗಿನ ಮಾಲು ಬಿಗಿಯುವ ಮೊದಲೇ ಭಾರ ಹೇರಿದರೆ ಗೋಡೆ ಗುಂಡು ತಪ್ಪುತ್ತದೆ. ಮಾಲೀಕರು ಅವಸರಪಡಿಸಿದರೆ ಅಪ್ಪ ಕರಣೆ ತೊಳೆದಿಟ್ಟು, "ನಾಳೆ ಸ್ವಾಮಿ" ಅನ್ನುತ್ತಿದ್ದರು.

ಕೊನೆಯ ವರ್ಷಗಳಲ್ಲಿ ಸಿಮೆಂಟ್ ಬ್ಲಾಕ್ ಬಂತು. ಅಷ್ಟೇ ಗೋಡೆಗೆ ಆರಿಂಚಿನ ಬ್ಲಾಕ್ 112 ಸಾಕು. ಮಾಲೀಕರಿಗೆ ಉಳಿತಾಯ; ಅಪ್ಪನ ಕೈಗೆ ಮಾತ್ರ 3 ಕೆ.ಜಿ. ಬದಲು 25 ಕೆ.ಜಿ. ಬಂತು. ರಾತ್ರಿ ಅಮ್ಮ ಅವರ ಸೊಂಟಕ್ಕೆ ಎಣ್ಣೆ ತಿಕ್ಕಲು ಶುರುಮಾಡಿದ್ದು ಆಗ.

ನಮ್ಮ ಪಾಲು

ನಮ್ಮ ಮನೆಯ ಗೋಡೆ, ಬಾಗಿಲು ಕಿಟಕಿ ಕಳೆದು, 800 ಚದರಡಿ. ಅದಕ್ಕೆ 8,000 ಇಟ್ಟಿಗೆ, ಒಂದಕ್ಕೆ ಆರರ ಮಾಲಿಗೆ 50 ಕೆ.ಜಿ.ಯ ಸುಮಾರು 21 ಚೀಲ ಸಿಮೆಂಟ್. ಕೆಲಸ 16 ದಿನದ್ದು. ವಾರದ ದಿನಗಳೆಲ್ಲ ಊರವರ ಮನೆಗೆ ಹೋಗುತ್ತಿದ್ದುದರಿಂದ ಅದು 16 ಭಾನುವಾರ ಹಿಡಿಯಿತು. ಶನಿವಾರದ ಬಟವಾಡೆಯಲ್ಲಿ ರೇಷನ್ನು, ಶಾಲೆ ಫೀಜು ಕಳೆದು ಉಳಿದದ್ದರಲ್ಲಿ ಒಂದು ಚೀಲ, ಹೆಚ್ಚೆಂದರೆ ಎರಡು. ಭಾನುವಾರ ಕೈಯಾಳು ಅಮ್ಮ, ನೀರು ಹೊಡೆಯುವವರು ನಾನು ಮತ್ತು ತಂಗಿ. ಭಾಗಿಸಿ ನೋಡಿದರೆ ಅಪ್ಪ ಕೂರಿಸಿದ ಪ್ರತಿ 262 ಇಟ್ಟಿಗೆಗೆ ಒಂದು ನಮ್ಮದು.

ರಜೆಯ ಖರ್ಚು

ಕಟ್ಟಡ ಕಾರ್ಮಿಕರ ಕಾಯ್ದೆ ಬಂದದ್ದು 1996ರಲ್ಲಿ. ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದವರು, 18ರಿಂದ 60 ವರ್ಷದೊಳಗಿದ್ದರೆ, ಕಾರ್ಡು ಮಾಡಿಸಬಹುದು. ಕಟ್ಟಡದ ವೆಚ್ಚದಲ್ಲಿ ಶೇ. 1ರಷ್ಟು ಸೆಸ್ ಕಲ್ಯಾಣ ನಿಧಿಗೆ ಹೋಗುತ್ತದೆ. 20 ಲಕ್ಷದ ಕಟ್ಟಡಕ್ಕೆ 20,000 ರೂಪಾಯಿ. ಅದರಿಂದ ಹಲವು ಸಹಾಯಧನಗಳು ಸಿಗುತ್ತವೆ. ಆದರೆ ಮಗಳಿಗೆ ಜ್ವರವೆಂದು ಮನೆಯಲ್ಲುಳಿದ ದಿನದ ಕೂಲಿ ಸಿಗುವುದಿಲ್ಲ. ನೌಕರಿಯವರಿಗೆ ರಜೆಯೂ ಸಂಬಳದೊಳಗೇ ಬರುತ್ತದೆ. ಮೇಸ್ತ್ರಿ ಮಾತ್ರ ತನ್ನ ರಜೆಯನ್ನು ದುಡ್ಡು ಕೊಟ್ಟು ಕೊಳ್ಳಬೇಕು. ಹಾಗಾಗಿ ಅಪ್ಪನ ಪುಸ್ತಕದಲ್ಲಿ ನಾನು ಗೀಟಿಗಿಂತ ಹೆಚ್ಚಾಗಿ ಹುಡುಕಿದ್ದು ಗೀಟು ತಪ್ಪಿದ ಕಡೆ.

ನನ್ನ ಎಸ್ಸೆಸ್ಸೆಲ್ಸಿ ವರ್ಷದ ಪುಸ್ತಕದಲ್ಲಿ, ಪರೀಕ್ಷೆಯ ದಿನಗಳಲ್ಲಿ, ಆರು ಅರ್ಧ ಗೀಟುಗಳಿವೆ. ಆರು ವಿಷಯ, ಆರು ಬೆಳಿಗ್ಗೆ. ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಕೇಂದ್ರಕ್ಕೆ ಬಿಟ್ಟವರು ಗೇಟಿನ ಎದುರಿನ ಹೊಂಗೆ ಮರದ ಕೆಳಗೇ ಇರುತ್ತಿದ್ದರು. "ಇವತ್ತು ಕೆಲಸ ಮಧ್ಯಾಹ್ನದ ಮೇಲೆ ಕಣವ್ವ" ಎಂದಿದ್ದರು. ನಾನು ನಂಬಿದ್ದೆ.

ಆರು ಅರ್ಧ ಸೇರಿ ಮೂರು ದಿನ. ಇಟ್ಟಿಗೆ 1,500. ಹತ್ತಡಿ ಎತ್ತರ, ಹದಿನೈದಡಿ ಉದ್ದದ ಒಂದು ಗೋಡೆ. 2,100ರ ಲೆಕ್ಕಕ್ಕೆ ಅದು ಸೇರುವುದಿಲ್ಲ.